ಗೇರ್‌ಬಾಕ್ಸ್ ಇಳಿಸುವ ಮುನ್ನ

ಹೇರೂರು, ಸಿದ್ದಾಪುರ, ಶಿರಸಿ ಕಡೆಯ ಅಡಿಕೆ ಬೆಳೆಗಾರರ ಅಂಗಳದಲ್ಲಿ ಹಳೇ ಗಾಡಿಗಳಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು, 1984ರಲ್ಲಿ ಬಂದ ಓಮ್ನಿಯದು 2019ರಲ್ಲಿ. ಹಾಗಿದ್ದರೂ ಗೊಬ್ಬರ ತರಲು, ಶಿರಸಿಗೆ ಅಡಿಕೆ ಚೀಲ ಒಯ್ಯಲು, ಮದುವೆ ಮನೆಗೆ ಹೋಗಿಬರಲು ಅವೇ ಬೇಕು. ಮನೆಯಿಂದ ಡಾಂಬರು ರಸ್ತೆ ಮುಟ್ಟುವ ತನಕ ಚಡಾವು. ಮಳೆಗಾಲದಲ್ಲಿ ಅದರ ಮೇಲೆ ಕೆಸರು. ಅಲ್ಲಿ ಹಾಫ್ ಕ್ಲಚ್ ಹಿಡಿಯದೆ ಗಾಡಿ ಏರುವುದಿಲ್ಲ.

ಇಂಥ ಗಾಡಿಯ ಕ್ಲಚ್ ಪೆಡಲ್ ಸ್ವಲ್ಪ ಹೆಚ್ಚುಕಡಿಮೆಯಾದರೆ ಸಾಕು, ‘ಪ್ಲೇಟ್ ಹೋಗಿದೆ’ ಎಂಬ ತೀರ್ಪು ಬಂದುಬಿಡುತ್ತದೆ. ಪ್ಲೇಟ್ ನೋಡಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು. ಆದರೆ ಎಷ್ಟೋ ಸಲ ದೋಷ ಇರುವುದು ಹೊರಗಿನ ಕೇಬಲ್ಲಿನಲ್ಲೋ ಕ್ಲಚ್ ನಡೆಸುವ ಎಣ್ಣೆಯಲ್ಲೋ. ಅದನ್ನು ಪತ್ತೆಹಚ್ಚಲು ಎಡಗಾಲು, ಕಿವಿ ಮತ್ತು ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಎಂಜಿನ್ನಿನ ಜೊತೆ ಸದಾ ತಿರುಗುವ ಚಕ್ರ ಫ್ಲೈವೀಲ್. ಅದರ ಮುಖಕ್ಕೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವುದು ಬಲವಾದ ಸ್ಪ್ರಿಂಗ್ ಇರುವ ಪ್ರೆಷರ್ ಪ್ಲೇಟ್. ಎರಡರ ನಡುವೆ ಸಿಕ್ಕಿಕೊಂಡ ಕ್ಲಚ್ ಪ್ಲೇಟ್ ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಪೆಡಲ್ ತುಳಿದಾಗ ಕೇಬಲ್ ಒಂದು ಫೋರ್ಕನ್ನು ಎಳೆಯುತ್ತದೆ, ಫೋರ್ಕ್ ರಿಲೀಸ್ ಬೇರಿಂಗನ್ನು ತಳ್ಳುತ್ತದೆ, ಬೇರಿಂಗ್ ಸ್ಪ್ರಿಂಗಿನ ಬೆರಳುಗಳನ್ನು ಅದುಮುತ್ತದೆ, ಹಿಡಿತ ಸಡಿಲವಾಗುತ್ತದೆ. ಕಾಲು ಹಲವು ಸೆಂಟಿಮೀಟರ್ ಚಲಿಸಿದರೆ ಪ್ಲೇಟಿಗೆ ಸಿಗುವ ಬಿಡುವು ಒಂದು ಮಿಲಿಮೀಟರಿನ ಆಸುಪಾಸು. ಕಾಲಿನ ಬಲ ಹಲವು ಪಟ್ಟಾಗುವುದಕ್ಕೆ ಚಲನೆ ಅಷ್ಟು ಕುಗ್ಗಲೇಬೇಕು. ಆದ್ದರಿಂದ ನಡುವಿನ ಯಾವ ಕೊಂಡಿಯಲ್ಲಿ ಚೂರು ಚಲನೆ ಪೋಲಾದರೂ ಪ್ಲೇಟ್ ಪೂರ್ತಿ ಬಿಡುವುದಿಲ್ಲ.

ಮೊದಲು ನೋಡಬೇಕಾದದ್ದು ಕಾಲಡಿಯ ಮ್ಯಾಟನ್ನು. ಅದು ಮಡಚಿಕೊಂಡು ಪೆಡಲಿನ ಹಿಂದೆ ಸೇರಿದ್ದರೆ ಪೆಡಲ್ ನೆಲ ಮುಟ್ಟುವುದೇ ಇಲ್ಲ. ಆಮೇಲೆ ಎಂಜಿನ್ ನಿಲ್ಲಿಸಿ, ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಕೇಬಲ್ ಇರುವ ಗಾಡಿಗಳಲ್ಲಿ ಶುರುವಿಗೆ ಸುಮಾರು ಎರಡು ಸೆಂಟಿಮೀಟರ್ ಏನೂ ಬಲವಿಲ್ಲದೆ ಹೋಗಿ, ಅನಂತರ ಭಾರ ಹತ್ತಬೇಕು. ಇದಕ್ಕೆ ಫ್ರೀ ಪ್ಲೇ ಎನ್ನುತ್ತಾರೆ. ನಿಖರ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಪ್ಲೇಟಿನ ಲೈನಿಂಗ್ ಸವೆದಂತೆಲ್ಲ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆ ಸರಿದು ಫ್ರೀ ಪ್ಲೇ ಕಮ್ಮಿಯಾಗುತ್ತದೆ. ಅದು ಪೂರ್ತಿ ಇಲ್ಲವಾದರೆ ಕಾಲಿಡದಿದ್ದರೂ ಕ್ಲಚ್ ಚೂರು ಒತ್ತಿಕೊಂಡೇ ಇದ್ದು ಪ್ಲೇಟ್ ಜಾರತೊಡಗುತ್ತದೆ. ಅತಿಯಾದರೆ ಪ್ಲೇಟ್ ಬಿಡದೆ ಗೇರ್ ಕರಕರ ಎನ್ನುತ್ತದೆ. ಎರಡಕ್ಕೂ ಮೊದಲ ಮದ್ದು ಕೇಬಲ್ ತುದಿಯ ನಟ್ಟು.

ಪೆಡಲ್ ಗಟ್ಟಿಯಾಗಿದ್ದರೆ ಕೇಬಲ್ ಮೇಲೆ ಅನುಮಾನ ಪಡಬೇಕು. ಓಮ್ನಿಯಂಥ ಗಾಡಿಯಲ್ಲಿ ಅದು ತಳಭಾಗದಲ್ಲಿ ಹಾದುಹೋಗುವುದರಿಂದ ಕೆಸರು, ನೀರು ಒಳಹೊಕ್ಕು ತುಕ್ಕು ಹಿಡಿಯುತ್ತದೆ. ಎಳೆಗಳು ಒಂದೊಂದಾಗಿ ಹರಿದು ಕವಚಕ್ಕೆ ಉಜ್ಜುತ್ತವೆ. ಹೊಸ ಕೇಬಲ್ ಹಾಕಿದರೂ ಸ್ವಲ್ಪ ದಿನಕ್ಕೇ ಮತ್ತೆ ಬಿಗಿಯುತ್ತಿದ್ದರೆ ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಅರ್ಥಿಂಗ್ ಪಟ್ಟಿ ನೋಡಬೇಕು. ಅದು ತುಂಡಾಗಿದ್ದರೆ ಸ್ಟಾರ್ಟರಿನ ಭಾರೀ ಕರೆಂಟು ಕ್ಲಚ್ ಕೇಬಲ್ಲಿನಂಥ ಲೋಹದ ದಾರಿ ಹಿಡಿದು ಹರಿಯುತ್ತದೆ. ಕೇಬಲ್ ಕಾದು, ಒಳಗಿನ ಕವಚ ಕರಗಿ, ಪೆಡಲ್ ಕಲ್ಲಾಗುತ್ತದೆ. ಕೇಬಲ್ ಸರಿಯಿದ್ದೂ ಭಾರವಿದ್ದರೆ ಆಗ ಒಳಗಿನ ಪ್ರೆಷರ್ ಪ್ಲೇಟಿನ ಸರದಿ.

ಕೇಬಲ್ ಬದಲು ಎಣ್ಣೆಯಿಂದ ನಡೆಯುವ ಕ್ಲಚ್ಚಿನ ಲಕ್ಷಣಗಳೇ ಬೇರೆ. ಪೆಡಲ್ ಮೆತ್ತಗಾಗಿ, ಎರಡು ಮೂರು ಸಲ ತುಳಿದ ಮೇಲೆ ಸರಿಹೋದರೆ ಎಣ್ಣೆಯಲ್ಲಿ ಗಾಳಿ ಸೇರಿದೆ ಅಥವಾ ಎಣ್ಣೆ ತಳ್ಳುವ ಸಿಲಿಂಡರಿನ ರಬ್ಬರ್ ಸವೆದಿದೆ. ಗೇರಿನಲ್ಲಿಟ್ಟು ತುಳಿದೇ ಹಿಡಿದಿದ್ದರೂ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳತೊಡಗಿದರೆ ಮಾಸ್ಟರ್ ಸಿಲಿಂಡರ್ ಒಳಗೊಳಗೇ ಸೋರುತ್ತಿರಬಹುದು, ಹೊರಗೆ ಒಂದು ತೊಟ್ಟೂ ಕಾಣದಿದ್ದರೂ. ಹೆಚ್ಚಿನ ಗಾಡಿಗಳಲ್ಲಿ ಇದಕ್ಕೆ ಹಾಕುವುದು ಬ್ರೇಕ್ ಎಣ್ಣೆಯನ್ನೇ. ಅದು ಗಾಳಿಯ ತೇವ ಹೀರುತ್ತದೆ: ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆಯ ಕುದಿಬಿಂದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು; ತೇವ ಹೀರಿದ ಮೇಲಿನ ಮಾನದಂಡ 140 ಡಿಗ್ರಿ. ತೇವದಿಂದ ಸಿಲಿಂಡರಿನ ಒಳಮೈಗೂ ತುಕ್ಕು. ಮಲೆನಾಡಿನ ಮಳೆಗಾಲ ಕಳೆದ ಗಾಡಿಗೆ ಎಣ್ಣೆ ಬದಲಿಸುವುದು ದಂಡದ ಖರ್ಚಲ್ಲ. ಎಂಜಿನ್ ಆಯಿಲ್ ಮಾತ್ರ ಸುರಿಯಬಾರದು, ರಬ್ಬರ್ ಉಬ್ಬಿ ಎಲ್ಲವೂ ಕೆಡುತ್ತದೆ.

ಪ್ಲೇಟ್ ಜಾರುತ್ತಿದೆಯೇ ಎಂಬುದು ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ತಾನಾಗಿ ತಿಳಿಯುತ್ತದೆ. ಎಕ್ಸಲರೇಟರ್ ತುಳಿದಂತೆ ಎಂಜಿನ್ ಕೂಗು ಏರುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಸಪಾಟು ಅಂಗಳದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನೂ ತುಳಿದು, ಮೂರನೇ ಗೇರ್ ಹಾಕಿ ಕ್ಲಚ್ ಬಿಡಿ. ಎಂಜಿನ್ ಕೂಡಲೇ ಬಂದ್ ಬಿದ್ದರೆ ಹಿಡಿತ ಚೆನ್ನಾಗಿದೆ. ಆಗದಿದ್ದರೆ ಪ್ಲೇಟ್ ಜಾರುತ್ತಿದೆ. ಒಂದೇ ಸಲ ಸಾಕು, ಪದೇಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ. ಇದಕ್ಕೆ ವಿರುದ್ಧದ ದೋಷ ಪ್ಲೇಟ್ ಬಿಡದಿರುವುದು. ಕ್ಲಚ್ ತುಳಿದು ಐದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಪ್ಲೇಟ್ ಬಿಟ್ಟಿದ್ದರೆ ಅಷ್ಟರಲ್ಲಿ ತಿರುಗುವಿಕೆ ನಿಂತಿರುತ್ತದೆ. ಆಗಲೂ ಕರಕರ ಎಂದರೆ ಬಿಟ್ಟಿಲ್ಲ.

ಸದ್ದು ಕೂಡ ಜಾಗ ತೋರಿಸುತ್ತದೆ. ನ್ಯೂಟ್ರಲ್‌ನಲ್ಲಿ ಪೆಡಲ್ ತುಳಿದಾಗ ಕುಂಯ್ ಎಂದು ಶುರುವಾದರೆ ರಿಲೀಸ್ ಬೇರಿಂಗ್. ತುಳಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನೊಳಗಿನ ಬೇರಿಂಗ್. ಗಾಡಿ ಎತ್ತುವಾಗ ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಾಗಿರಬಹುದು; ಆಗ ಎಂಜಿನ್ನಿನ ಹಿಂದಿನ ಆಯಿಲ್ ಸೀಲನ್ನೂ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ಹಾಳು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೇ ಅಂಟಿಕೊಳ್ಳುವುದುಂಟು. ಮಳೆಗಾಲದಲ್ಲಿ ವಾರಕ್ಕೊಮ್ಮೆ ನಾಲ್ಕು ಹೆಜ್ಜೆ ಓಡಿಸಿದರೆ ಆ ತಾಪತ್ರಯವಿಲ್ಲ.

ಗೇರ್‌ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಲಾಭ. ಕೂಲಿ ಎರಡು ಸಲ ಕೊಡಬೇಕಿಲ್ಲ. ಹಳೇ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಒಳಗಿನ ಧೂಳನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಗ್ಯಾರೇಜಿನಲ್ಲಿ ‘ಕ್ಲಚ್ ಸರಿಯಿಲ್ಲ’ ಎಂದಷ್ಟೇ ಹೇಳಿ ಕೀಲಿ ಕೊಡಬೇಡಿ. ‘ಫ್ರೀ ಪ್ಲೇ ಸರಿಯಿದೆ, ಕೇಬಲ್ ಹೊಸದು, ಮೂರನೇ ಗೇರಿನಲ್ಲಿ ಎಂಜಿನ್ ಬಂದ್ ಆಗಲಿಲ್ಲ’ ಎಂದರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು, ಬೇಡದ ರಿಪೇರಿಯ ಮಾತೂ ಅಲ್ಲಿಗೇ ನಿಂತಿತು.