ಎಲುಬಿನ ಜೀರ್ಣೋದ್ಧಾರವೂ ದೇಹದ ಕಾವಲೂ

ಭೀಮಾತೀರದ ಸನ್ನತಿಯ ನೆರೆಯಲ್ಲಿ, ಕನಗನಹಳ್ಳಿಯ ಮಹಾಸ್ತೂಪದ ಸುಣ್ಣಗಲ್ಲಿನ ಫಲಕಗಳು ಶತಮಾನಗಳ ಕಾಲ ಮಣ್ಣಿನಲ್ಲಿ ಹುದುಗಿದ್ದೂ ತಮ್ಮ ಶಿಲ್ಪವನ್ನು ಉಳಿಸಿಕೊಂಡಿವೆ. ಶಹಾಬಾದದ ಹಾಸುಗಲ್ಲೂ ವಾಡಿ, ಸೇಡಂಗಳ ಸಿಮೆಂಟೂ ಈ ಸೀಮೆಯ ಸುಣ್ಣದ ಸಂಪತ್ತೇ ಆಗಿವೆ. ಮನುಷ್ಯನ ಎಲುಬಿಗೆ ಕಾಠಿಣ್ಯವನ್ನು ಕೊಡುವುದೂ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಎಂಬ ಧಾತುವೇ. ಕಲ್ಲಿನಲ್ಲಿ ಅದು ಕಾರ್ಬೊನೇಟಿನ ರೂಪದಲ್ಲಿಯೂ ಎಲುಬಿನಲ್ಲಿ ಮುಖ್ಯವಾಗಿ ಫಾಸ್ಫೇಟಿನ ರೂಪದಲ್ಲಿಯೂ ಇರುವುದಷ್ಟೆ. ಹಾಗಾದರೆ ಗಣಿಯಲ್ಲಿ ಕಲ್ಲು ಬಿದ್ದು ಜಜ್ಜಿಹೋದ ಎಲುಬಿನ ಕಂಡಿಯನ್ನು, ಗೋಡೆಯ ಕಂಡಿಯಂತೆ, ಗಾರೆಯಿಂದ ತುಂಬಬಾರದೇಕೆ?

ಈ ಪ್ರಶ್ನೆಯು ಹಾಸ್ಯಾಸ್ಪದವಲ್ಲ. ಸಣ್ಣ ಮುರಿತವು ತಾನಾಗಿಯೇ ಕೂಡಿಕೊಳ್ಳುವುದು. ದೊಡ್ಡ ಕಂಡಿಗೆ ಆಸರೆ ಬೇಕು. 1892ರಲ್ಲಿಯೇ ಜರ್ಮನಿಯ ಡ್ರೀಸ್ಮನ್ನನು ಎಲುಬಿನ ಕುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ತುಂಬಿದ್ದನು. 1974ರಲ್ಲಿ ರಾಯ್ ಮತ್ತು ಲಿನ್ನೆಹಾನ್ ಎಂಬವರು ಸಮುದ್ರದ ಹವಳದ ಕಾರ್ಬೊನೇಟನ್ನು ಎಲುಬಿನ ಖನಿಜದಂತಹ ಫಾಸ್ಫೇಟಾಗಿ ಮಾರ್ಪಡಿಸುವ ವಿಧಾನವನ್ನು ತೋರಿಸಿದರು. ಆದರೆ ಎಲುಬು ನಿರ್ಜೀವವಾದ ಗೋಡೆಯಲ್ಲ. ಅದರೊಳಗೆ ಕಾವಲುಗಾರರುಂಟು.

ಈ ಕಾವಲುಗಾರರ ಪರಿಚಯವು ಲೋಕಕ್ಕಾದುದು 1882ರಲ್ಲಿ. ಸಿಸಿಲಿಯ ಮೆಸ್ಸಿನಾದಲ್ಲಿ ರಷ್ಯದ ವಿಜ್ಞಾನಿ ಮೆಚ್ನಿಕಾಫನು ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಲು, ಅದರ ಸಂಚಾರಿ ಕೋಶಗಳು ಮುಳ್ಳನ್ನು ಬಂದು ಮುತ್ತಿದುದನ್ನು ಕಂಡನು. 1908ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಮನುಷ್ಯನ ದೇಹದಲ್ಲಿಯೂ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಹೊಸದಾಗಿ ಬಂದ ವಸ್ತುವನ್ನು ಹೀಗೆಯೇ ಪರೀಕ್ಷಿಸುವುವು. ನುಂಗಲಾರದಿದ್ದರೆ ಹಲವು ಕೋಶಗಳು ಒಂದುಗೂಡಿ ದೈತ್ಯಕೋಶವಾಗುವುವು. ಕಡೆಗೆ ಆ ವಸ್ತುವಿನ ಸುತ್ತ ನಾರಿನ ಗೋಡೆಯೆದ್ದು, ಎಲುಬಿಗೂ ಅದಕ್ಕೂ ಬೆಸುಗೆಯಾಗದೆ ಹೋಗುವುದು. ಕೃತಕ ಸೊಂಟದ ಕೀಲುಗಳಲ್ಲಿ ಸವೆದುದುರಿದ ಪ್ಲಾಸ್ಟಿಕ್ಕಿನ ಕಣಗಳನ್ನು ನುಂಗಿದ ಈ ಕೋಶಗಳ ಕೋಪದಿಂದಲೇ ಸುತ್ತಲಿನ ಎಲುಬು ಕರಗಿ ಕೀಲು ಸಡಿಲವಾಗುವುದುಂಟು.

ಹಾಗೆಂದು ಕಾವಲನ್ನೇ ಅಡಗಿಸಿದರೆ ಕಾರ್ಯವು ಕೆಡುವುದು. ಮೊದಲ ದಿನಗಳ ಉರಿಯೂತವಿಲ್ಲದೆ ಗಾಯವು ಶುದ್ಧವಾಗದು, ಎಲುಬು ಕಟ್ಟುವ ಕೋಶಗಳಿಗೆ ಕರೆಯೂ ಹೋಗದು. ಅನಂತರ ಅದೇ ಭಕ್ಷಕ ಕೋಶಗಳು ಶಾಂತವಾಗಿ, ರಕ್ತನಾಳಗಳನ್ನು ಬೆಳೆಯಿಸುವ ಕಾರ್ಯಕ್ಕೆ ತಿರುಗಬೇಕು. ಆದುದರಿಂದ ಇಂದಿನ ವಿಜ್ಞಾನಿಗಳು ಪದಾರ್ಥದ ರಂಧ್ರಗಳ ಗಾತ್ರ, ಮೈಯ ಒರಟುತನ, ಕರಗುವ ವೇಗ, ಅದರಿಂದ ಹೊರಬೀಳುವ ಮೆಗ್ನೀಸಿಯಂ ಮೊದಲಾದ ಧಾತುಗಳು, ಇವೆಲ್ಲವನ್ನೂ ಈ ತಿರುವು ಸಕಾಲದಲ್ಲಿ ಆಗುವಂತೆ ಹೊಂದಿಸಲು ಯತ್ನಿಸುತ್ತಿರುವರು. ದೇಹದ ಕಣ್ಣು ತಪ್ಪಿಸುವ ಪದಾರ್ಥಕ್ಕಿಂತ ದೇಹದೊಡನೆ ಸಂಧಾನ ಮಾಡುವ ಪದಾರ್ಥವೇ ಅವರ ಗುರಿಯಾಗಿದೆ.

ನಮ್ಮ ಸೀಮೆಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಇಂತಹ ಪದಾರ್ಥಗಳ ಮೊದಲ ಪರೀಕ್ಷೆಯು ಬಹುಮಟ್ಟಿಗೆ ಪ್ರಯೋಗಶಾಲೆಯ ಇಲಿಗಳಲ್ಲಿ ನಡೆಯುವುದು. ರೋಗಾಣುಗಳ ಸೋಂಕಿಲ್ಲದ ಪಂಜರದಲ್ಲಿ ಬೆಳೆದ ಇಲಿಯ ಕಾವಲು, ಲೋಕವನ್ನೇ ಕಾಣದ ಕೂಸಿನ ಕಾವಲಿನಂತೆ ಎಳೆಯದು. ಕ್ಷಯರೋಗ, ಅರೆಹೊಟ್ಟೆ, ಸಿಹಿಮೂತ್ರ ಇವುಗಳನ್ನು ಕಂಡ ಶ್ರಮಜೀವಿಯ ದೇಹವೇ ಬೇರೆ. ಸಿಹಿಮೂತ್ರದ ರೋಗಿಯಲ್ಲಿ ಉರಿಯೂತವು ಬೇಗನೆ ಶಮನವಾಗದು, ಎಲುಬೂ ತಡವಾಗಿ ಕೂಡುವುದು. ಇಲಿಯಲ್ಲಿ ಗೆದ್ದ ಪದಾರ್ಥವು ಚಿತ್ತಾಪುರದ ಕೂಲಿಯವನಲ್ಲಿಯೂ ಗೆಲ್ಲುವುದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ಸಂಶೋಧನೆಯು ನಡೆದಿದೆ. ಕಲಬುರಗಿಯಲ್ಲಿ ಕಾರ್ಮಿಕರ ವಿಮೆಯ ವೈದ್ಯಕೀಯ ಕಾಲೇಜೂ ಆಸ್ಪತ್ರೆಯೂ ಇವೆ. ಇವೆರಡೂ ಕೈಗೂಡಿಸಿ, ರೋಗಿಯ ಭಾಷೆಯಲ್ಲಿ ಎಲ್ಲವನ್ನೂ ತಿಳಿಯಹೇಳಿ, ಅವನ ಮನಃಪೂರ್ವಕ ಒಪ್ಪಿಗೆಯನ್ನು ಪಡೆದು, ನಮ್ಮ ಜನರ ಎಲುಬಿನ ಗುಣವನ್ನೂ ಕಾವಲಿನ ಗುಣವನ್ನೂ ಅಭ್ಯಸಿಸಬೇಕು. ಈ ನೆಲದ ಸುಣ್ಣಗಲ್ಲಿನಿಂದ ಲಾಭ ಪಡೆಯುತ್ತಿರುವ ಕಾರ್ಖಾನೆಗಳು ವೆಚ್ಚದ ಒಂದು ಪಾಲನ್ನು ಹೊರಬೇಕೆಂದು ಕೇಳುವುದು ಅನ್ಯಾಯವಾಗಲಾರದು. ಸರಕಾರವು ಇದಕ್ಕೆ ಮುಂದಾಳಾಗಬೇಕೆಂದು ನಾವು ಒತ್ತಾಯಪಡಿಸುತ್ತೇವೆ.