ಕೆಂಪನಂಜಮ್ಮಣ್ಣಿ ಎಂಬ ಹೆಸರು

ಬಂಡೀಪುರದ ಸಫಾರಿ ಮುಗಿಸಿದವರು ಹುಲಿ ಕಂಡಿತೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತ ಗುಂಡ್ಲುಪೇಟೆಯಿಂದ ನೇರ ಮೈಸೂರಿನ ದಾರಿ ಹಿಡಿಯುತ್ತಾರೆ. ಚಾಮರಾಜನಗರದ ಕಡೆ ತಿರುಗಿದರೆ ಚಾಮರಾಜೇಶ್ವರನ ಗುಡಿ ಸಿಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟು, 1826ರಲ್ಲಿ ಗುಡಿ ಕಟ್ಟಿಸಿದರು. ಲಿಂಗಕ್ಕೆ ತಂದೆಯ ಹೆಸರು, ಪಕ್ಕದ ಅಮ್ಮನವರಿಗೆ ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು: ಕೆಂಪನಂಜಾಂಬ. ಆಷಾಢದ ತೇರಿನ ದಿನ ಹೊಸದಾಗಿ ಮದುವೆಯಾದ ಜೋಡಿಗಳು ಇಲ್ಲಿ ರಥಕ್ಕೆ ಹಣ್ಣು-ಜವನ ಎಸೆಯುತ್ತವೆ. ಆ ತಿಂಗಳು ತವರಿನಲ್ಲಿರುವ ಹುಡುಗಿಗೆ ಗಂಡನ ಮುಖ ನೋಡುವ ಅವಕಾಶವೂ ಅದೇ.

ಹೀಗೆ ರಾಣಿಯೊಬ್ಬರ ಹೆಸರು ಗುಡಿ ಸೇರಿತು; ಆದರೆ ಆಳುವವರ ಮನೆಯ ಹೆಂಗಸರ ಸ್ಥಾನ ಎಲ್ಲ ಕಡೆಯೂ ಒಂದು ಬಗೆಯ ಒಗಟು. ಅಮೆರಿಕದಲ್ಲಿ ಅಧ್ಯಕ್ಷರ ಪತ್ನಿಗೆ ಸಂವಿಧಾನದಲ್ಲಿ ಹುದ್ದೆಯಿಲ್ಲ, ಸಂಬಳವೂ ಇಲ್ಲ. ವಿಧುರ ಅಧ್ಯಕ್ಷ ಜೆಫರ್ಸನ್ ಅವರ ಔತಣಗಳಲ್ಲಿ ಸಚಿವರ ಪತ್ನಿ ಡಾಲಿ ಮ್ಯಾಡಿಸನ್ ಅತಿಥಿಗಳನ್ನು ಎದುರುಗೊಳ್ಳುತ್ತಿದ್ದರು. ಮದುವೆಯೇ ಆಗದ ಬುಕಾನನ್ ಪರವಾಗಿ ಆ ಕೆಲಸ ನೋಡಿಕೊಂಡವರು ಅವರ ಸೋದರಿಯ ಮಗಳು ಹ್ಯಾರಿಯೆಟ್ ಲೇನ್. 1919ರಲ್ಲಿ ವಿಲ್ಸನ್ ಪಾರ್ಶ್ವವಾಯು ಹೊಡೆದು ಮಲಗಿದಾಗ, ಯಾವ ಕಡತ ಅವರ ಮುಂದೆ ಹೋಗಬೇಕೆಂದು ಪತ್ನಿ ಎಡಿತ್ ತೀರ್ಮಾನಿಸಿದರು. ಅದು ಜನರಿಂದ ಮರೆಮಾಚಿದ ಅಧಿಕಾರ. ಮೈಸೂರಿನ ರಾಣಿಯರದು ಹಾಗಲ್ಲ.

ಇಮ್ಮಡಿ ಕೃಷ್ಣರಾಜರ ಪತ್ನಿ ಲಕ್ಷ್ಮಮ್ಮಣ್ಣಿಯವರು ಹೈದರ್, ಟಿಪ್ಪು ಕಾಲವನ್ನೆಲ್ಲ ಕಾದಿದ್ದು, 1799ರಲ್ಲಿ ಐದು ವರ್ಷದ ಮುಮ್ಮಡಿಯನ್ನು ಗದ್ದುಗೆಗೆ ತಂದರು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅವರ ನಂತರದ ಮತ್ತೊಬ್ಬ ಕೆಂಪನಂಜಮ್ಮಣ್ಣಿಯವರ ಮೇಲೆ. ಇವರು ವಾಣಿವಿಲಾಸ ಸನ್ನಿಧಾನ. ಪತಿ ಹತ್ತನೇ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಗಂಟಲುಮಾರಿಗೆ ತುತ್ತಾದಾಗ ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತು ವರ್ಷ, ತಾಯಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಅವರೇ ರಾಜ್ಯ ನಡೆಸಿದರು. 1897ರಲ್ಲಿ ಮಗಳ ಮದುವೆಯ ನಡುವೆಯೇ ಅರಮನೆ ಬೆಂಕಿಗೆ ಆಹುತಿಯಾಯಿತು. ಹೊಸದನ್ನು ಕಟ್ಟುವ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಒಪ್ಪಿಸಿದರು. ಮರುವರ್ಷ ಪ್ಲೇಗ್ ಬಂತು. ಅದೇ 1898ರಲ್ಲಿ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾಯಿತು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪಾಲು ದೊಡ್ಡದು, ನಿಜ. ಆದರೆ ಸಾವು, ಬೆಂಕಿ, ಪಿಡುಗು ಸಾಲಾಗಿ ಬಂದ ಹೊತ್ತಿನಲ್ಲಿ ಇಷ್ಟು ದೊಡ್ಡ ಕೆಲಸಗಳಿಗೆ ಒಪ್ಪಿಗೆ ಕೊಡಲು ಗಟ್ಟಿ ಮನಸ್ಸು ಬೇಕು. ಅದರ ಶ್ರೇಯಸ್ಸು ರಾಣಿಗೆ ಸಾಕಷ್ಟು ಸಂದಿಲ್ಲ ಎಂದು ನನಗನ್ನಿಸುತ್ತದೆ.

ಮಗ ಪಟ್ಟಕ್ಕೆ ಬಂದ ಮೇಲೆ ಅಧಿಕಾರ ಬಿಟ್ಟುಕೊಟ್ಟ ಅವರು 1934ರಲ್ಲಿ ತೀರಿಕೊಂಡರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಇಂದಿಗೂ ದಿನವೂ ಹೆರಿಗೆಗಳಾಗುತ್ತವೆ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಮಳೆಗಾಲದಲ್ಲಿ.