ಗಡಿಯಾಚೆಯ ಕೊಲೆಗಳು, ಗಡಿಯೀಚೆಯ ನೆನಪು

1948ರ ಸೆಪ್ಟೆಂಬರ್‌ವರೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳ ಮೂಡಣ ಅಂಚಿನಲ್ಲಿ ಎರಡು ಆಳ್ವಿಕೆಗಳು ಎದುರುಬದುರಾಗಿದ್ದವು. ಇತ್ತ ಮುಂಬೈ ಪ್ರಾಂತದ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆ. ಅತ್ತ ಅಫಜಲಪುರ, ಜೇವರ್ಗಿ, ಸುರಪುರ, ಲಿಂಗಸುಗೂರಿನ ಕಡೆ ನಿಜಾಮರ ಹೈದರಾಬಾದ್. ನುಡಿ, ಬೀಗತನ, ಸಂತೆ, ಜಾತ್ರೆ ಎರಡೂ ಕಡೆ ಒಂದೇ. ಸ್ವಾತಂತ್ರ್ಯದ ಬಳಿಕ ನಿಜಾಮ ಭಾರತವನ್ನು ಸೇರಲು ಒಪ್ಪಲಿಲ್ಲ. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಖಾಸಗಿ ಪಡೆ, ಅಂದರೆ ರಜಾಕಾರರು, ಹಳ್ಳಿಗಳ ಮೇಲೆ ಬಿದ್ದರು. ಸಂಸ್ಥಾನದ ಗಡಿಯುದ್ದಕ್ಕೂ ಜನ ಮನೆಮಠ ತೊರೆದು ಭಾರತದ ನೆಲಕ್ಕೆ ಬಂದರು. ನಿಜಾಮನ ವಿರುದ್ಧ ಚಳವಳಿ ನಡೆಸಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ಸಿಂದಗಿಯಲ್ಲೇ.

ಈ ಹಾವಳಿಯಲ್ಲಿ ಹೆಚ್ಚು ನೆನಪಾಗುವ ಊರು ಬೀದರ್ ಜಿಲ್ಲೆಯ ಗೋರಟಾ. 1948ರ ಮೇ ತಿಂಗಳಲ್ಲಿ ಅಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹತರಾದರೆಂದು ಹೇಳಲಾಗುತ್ತದೆ. ಅವರ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ, ಕಣ್ಣಾರೆ ಕಂಡವರಲ್ಲಿ ಬಹುಪಾಲು ಜನ ತೀರಿಹೋದ ಮೇಲೆ.

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತ ಸೇನೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯೊಂದಿಗೆ ರಜಾಕಾರರ ಆಟ ಮುಗಿಯಿತು, ಕೊಲೆ ಮುಗಿಯಲಿಲ್ಲ. ಈ ಬಾರಿ ಸತ್ತವರು ಹೆಚ್ಚಾಗಿ ಮುಸ್ಲಿಮರು. ರಜಾಕಾರರೊಂದಿಗೆ ಯಾವ ನಂಟೂ ಇಲ್ಲದ ಬಡವರೂ ಅವರಲ್ಲಿದ್ದರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ತಂಡ ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಕಲಬುರ್ಗಿ, ಬೀದರ್ ಎರಡೂ ಇದ್ದವು. ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಒಂದು ಕಡೆಯ ಸಾವನ್ನು ಎತ್ತಿ ಹಿಡಿದು ಇನ್ನೊಂದನ್ನು ಮುಚ್ಚಿಡುವುದು ಎರಡೂ ಕಡೆಯ ಸತ್ತವರಿಗೆ ಮಾಡುವ ಅನ್ಯಾಯ.

ಯುರೋಪಿನಲ್ಲಿ ನಾಜಿಗಳು ಕೊಂದ 60 ಲಕ್ಷ ಯೆಹೂದಿಗಳ ನರಮೇಧಕ್ಕೂ ಹೈದರಾಬಾದಿನ ಈ ಕೊಲೆಗಳಿಗೂ ಗಾತ್ರದಲ್ಲಾಗಲಿ, ಸ್ವರೂಪದಲ್ಲಾಗಲಿ ಹೋಲಿಕೆ ಇಲ್ಲ. ಆದರೆ ನೆನಪಿಡುವ ಕೆಲಸವನ್ನು ಅಲ್ಲಿಂದ ಕಲಿಯಬಹುದು. ಜೆರುಸಲೇಮಿನ ಸ್ಮಾರಕ ಸಂಸ್ಥೆ ಯಾದ್ ವಶೇಮ್ 1950ರ ದಶಕದಿಂದ ಬಂಧುಗಳಿಂದ, ನೆರೆಯವರಿಂದ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಬರೆಸಿಕೊಳ್ಳುತ್ತ ಬಂದಿದೆ: ಹೆಸರು, ತಂದೆತಾಯಿ, ಊರು, ಕಸುಬು, ಸತ್ತ ಜಾಗ. ಹಾಗೆ, ಇತರ ದಾಖಲೆಗಳೂ ಸೇರಿ, 48 ಲಕ್ಷಕ್ಕೂ ಹೆಚ್ಚು ಹೆಸರುಗಳು ಉಳಿದಿವೆ.

ಬದುಕಿ ಉಳಿದವರ ಆರೈಕೆಯೂ ಅಷ್ಟೇ ಶ್ರದ್ಧೆಯಿಂದ ನಡೆದಿದೆ. ಜರ್ಮನಿಯಿಂದ ಪರಿಹಾರ ಪಡೆಯಲು 1951ರಲ್ಲಿ ಹುಟ್ಟಿದ ಕ್ಲೈಮ್ಸ್ ಕಾನ್ಫರೆನ್ಸ್ 2024ರ ಆರಂಭದಲ್ಲಿ ಜಗತ್ತಿನಲ್ಲಿ ಸುಮಾರು 2,45,000 ಮಂದಿ ಉಳಿದಿದ್ದಾರೆಂದು ಲೆಕ್ಕ ಹಾಕಿತ್ತು. ಇವರಲ್ಲಿ ಹಲವರಿಗೆ ಪಿಂಚಣಿಯ ಜೊತೆಗೆ ಮನೆಗೇ ಬಂದು ನೋಡಿಕೊಳ್ಳುವ ಸಹಾಯಕರು, ಔಷಧ, ಊಟದ ನೆರವು ಸಿಗುತ್ತದೆ. ಬಾಲ್ಯದಲ್ಲಿ ಹಸಿವು, ಸೆರೆ ಕಂಡವರಿಗೆ ಮುಪ್ಪಿನಲ್ಲಿ ಆಸ್ಪತ್ರೆಯ ಕೋಣೆಯೂ ಹಳೆಯ ಭಯವನ್ನು ಕೆದಕಬಹುದು. ಅದಕ್ಕೇ ಅವರನ್ನು ಆದಷ್ಟು ದಿನ ಸ್ವಂತ ಮನೆಯಲ್ಲೇ ಇರಿಸುವ ಪ್ರಯತ್ನ.

ಹೈದರಾಬಾದಿನ ವಿಷಯದಲ್ಲಿ ಇಲ್ಲಿ ಸಿಕ್ಕಿದ್ದು ಸ್ವಾತಂತ್ರ್ಯ ಹೋರಾಟಗಾರರ ಗೌರವ ಪಿಂಚಣಿ. ಅದು ಜೈಲು ಕಂಡವರಿಗೆ, ಭೂಗತರಾಗಿದ್ದವರಿಗೆ, ಮಾನ್ಯತೆ ಪಡೆದ ಗಡಿ ಶಿಬಿರಗಳಲ್ಲಿ ದುಡಿದವರಿಗೆ, ಅವರ ಅವಲಂಬಿತರಿಗೆ ಮೀಸಲು. ಚಳವಳಿಗೆ ಸೇರದೆಯೂ ತಂದೆಯನ್ನೋ ಮನೆಯನ್ನೋ ಕಳೆದುಕೊಂಡ ಮಗು ಅದರ ವ್ಯಾಪ್ತಿಗೆ ಬರುವುದಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ. ಸೆಪ್ಟೆಂಬರ್ 17ರ ವಿಮೋಚನಾ ದಿನವನ್ನು ರಾಜ್ಯ ಸರ್ಕಾರ ಆಚರಿಸುವುದು ಕಲ್ಯಾಣ ಕರ್ನಾಟಕದಲ್ಲಿ. ವಿಜಯಪುರ ಜಿಲ್ಲೆ ಅದರಲ್ಲಿಲ್ಲ. ಹಾಗಾಗಿ ಓಡಿಬಂದು ಗಡಿಯೀಚೆಯೇ ನೆಲೆಸಿದವರ ಮಾತನ್ನು ಬರೆದಿಟ್ಟುಕೊಳ್ಳುವ ಹೊಣೆ ಈ ಗಡಿ ತಾಲ್ಲೂಕುಗಳ ಕಾಲೇಜು, ಗ್ರಂಥಾಲಯ, ಪಂಚಾಯಿತಿಗಳ ಮೇಲಿದೆ.